ಎಂಜಿನ್ ಆರಿಸಿ ಕುಳಿತ ದೋಣಿ: ಗೋವಾದಲ್ಲಿ ಎರಡು ಡಾಲ್ಫಿನ್ ಸವಾರಿ

ನಾನು ವಾಸ್ಕೋದ ಖಾರಿವಾಡದ ಬಳಿ ದೋಣಿ ಎಂಜಿನ್ ರಿಪೇರಿ ಮಾಡುತ್ತೇನೆ. ತಾಳಿಕೋಟೆಯಿಂದ ಬಂದು ಇಪ್ಪತ್ತೆರಡು ವರ್ಷವಾಯಿತು. ದೋಣಿಯ ಹಿಂಬದಿಗೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್‌ಗಳೇ ನನ್ನ ಅನ್ನ. ರಿಪೇರಿಯಾದ ಎಂಜಿನ್ ಪರೀಕ್ಷಿಸಲು ವಾರಕ್ಕೆ ಎರಡು ಮೂರು ಸಲ ನೀರಿಗೆ ಇಳಿಯುತ್ತೇನೆ, ಆದರೆ ಆಗ ನನ್ನ ಕಿವಿಯೆಲ್ಲ ಎಂಜಿನ್ ಮೇಲೆಯೇ ಇರುತ್ತದೆ. ದುಡ್ಡು ಕೊಟ್ಟು ಪ್ರಯಾಣಿಕನಾಗಿ ಕುಳಿತದ್ದು ಈ ಚಳಿಗಾಲದಲ್ಲೇ ಮೊದಲು. ಎರಡು ಕಡೆ ಡಾಲ್ಫಿನ್ ನೋಡಲು ಹೋದೆವು. ಒಂದು ಸವಾರಿಗೆ ಐದರಲ್ಲಿ ಒಂದು ಅಂಕ ಕೊಡುತ್ತೇನೆ, ಇನ್ನೊಂದಕ್ಕೆ ನಾಲ್ಕೂವರೆ. ದೋಣಿಗಳ ಹೆಸರು ಬರೆಯುವುದಿಲ್ಲ. ಮೊದಲನೆಯದರ ಹೆಸರು ಹೇಳಿದರೆ ತಪ್ಪೆಲ್ಲ ಒಬ್ಬನ ತಲೆಯ ಮೇಲೆ ಬೀಳುತ್ತದೆ, ಆ ದಿನ ಅಲ್ಲಿದ್ದ ದೋಣಿಗಳೆಲ್ಲ ಮಾಡಿದ್ದೂ ಅದನ್ನೇ. ಎರಡನೆಯ ದೋಣಿಯ ತಾಂಡೇಲರು, ಅಂದರೆ ದೋಣಿ ನಡೆಸುವವರು, ತಮ್ಮ ಹೆಸರು ಬೇಡವೆಂದರು.

ಊರಿನಿಂದ ಅವ್ವ ಬಂದಿದ್ದಳು. ವಯಸ್ಸು ಎಪ್ಪತ್ತು ದಾಟಿದೆ. ಬೈನಾ ದಂಡೆಯಲ್ಲಿ ನಿಂತು ಸಮುದ್ರ ನೋಡಿದ್ದಳೇ ಹೊರತು ಅದರ ಮೇಲೆ ಹೋಗಿರಲಿಲ್ಲ. ಹತ್ತನೆಯ ತರಗತಿಯ ನನ್ನ ಮಗಳಿಗೆ ಅಜ್ಜಿಗೆ ಡಾಲ್ಫಿನ್ ತೋರಿಸಬೇಕೆಂಬ ಹಟ. ಡಿಸೆಂಬರ್ ಕೊನೆಯ ಭಾನುವಾರ, ಹೆಂಡತಿಯೂ ಸೇರಿ ನಾಲ್ವರು, ಅಗುವಾದ ಕೋಟೆಯ ಕೆಳಗಿನ ದಂಡೆಗೆ ಹೋದೆವು.

ತಲೆಗೆ ನಾನೂರು ರೂಪಾಯಿ. ದಂಡೆಯ ಮೇಲೆ ದೊಡ್ಡ ಫಲಕವಿತ್ತು: ಡಾಲ್ಫಿನ್ ಕಾಣದಿದ್ದರೆ ಹಣ ವಾಪಸ್. ಫಲಕದ ಚಿತ್ರದಲ್ಲಿ ನೀಲಿ ಕೊಳದಿಂದ ಒಂದು ಡಾಲ್ಫಿನ್ ಆಕಾಶಕ್ಕೆ ನೆಗೆದಿತ್ತು, ಹಿಂದೆ ಒಂದು ತಿಮಿಂಗಿಲದ ಬಾಲ. ಇವೆರಡೂ ಆ ದಂಡೆಯಿಂದ ಹೊರಡುವವರಿಗೆ ಸಿಗುವ ನೋಟವಲ್ಲ. ಸಿಗುವುದು ಬೇರೆ ಪ್ರಾಣಿ, ಅದರ ವಿಷಯ ಮುಂದೆ ಹೇಳುತ್ತೇನೆ.

ಫೈಬರ್ ದೋಣಿಯಲ್ಲಿ ಇಪ್ಪತ್ತು ಜನರನ್ನು ಕೂರಿಸಿದರು. ಲೈಫ್ ಜಾಕೆಟ್ ಎಲ್ಲರಿಗೂ ಸಿಕ್ಕಿತು, ಆದರೆ ನನ್ನದರ ಬಕಲ್ ಮುರಿದಿತ್ತು. ಹುಬ್ಬಳ್ಳಿಯಿಂದ ಬಂದಿದ್ದ ಒಂದು ಕುಟುಂಬದ ನಾಲ್ಕು ವರ್ಷದ ಹುಡುಗನಿಗೆ ದೊಡ್ಡವರ ಜಾಕೆಟ್ ತೊಡಿಸಿದ್ದರು, ಅವನು ನೀರಿಗೆ ಬಿದ್ದರೆ ಜಾಕೆಟ್ ಮಾತ್ರ ಮೇಲೆ ಉಳಿಯುತ್ತಿತ್ತು. ಔಟ್‌ಬೋರ್ಡ್ ಎಂಜಿನ್‌ಗೆ ಒಂದು ಕೆಂಪು ಬಳ್ಳಿ ಇರುತ್ತದೆ. ಅದನ್ನು ಚಾಲಕ ಮಣಿಕಟ್ಟಿಗೆ ಸಿಕ್ಕಿಸಿಕೊಂಡಿರಬೇಕು, ಅವನು ಆಯತಪ್ಪಿ ಬಿದ್ದರೆ ಬಳ್ಳಿ ಕಿತ್ತುಕೊಂಡು ಎಂಜಿನ್ ತಾನಾಗಿ ನಿಲ್ಲುತ್ತದೆ. ನಮ್ಮ ಚಾಲಕ ಅದನ್ನು ಎಂಜಿನ್ ಹಿಡಿಕೆಗೇ ಸುತ್ತಿಟ್ಟಿದ್ದ. ದಯವಿಟ್ಟು ದೋಣಿ ಹತ್ತುವ ಮುನ್ನ ಈ ಬಳ್ಳಿ ಎಲ್ಲಿದೆ ಎಂದು ನೋಡಿ. ಒಬ್ಬರು ಕೇಳಿದರೂ ಸಾಕು, ಚಾಲಕ ನಾಚಿಕೊಂಡಾದರೂ ಕಟ್ಟಿಕೊಳ್ಳುತ್ತಾನೆ. ಅಂದು ನಾನು ಕೇಳಿದೆ, ಅವನು ಕಟ್ಟಿಕೊಂಡ.

ಹೊರಟಾಗ ಹನ್ನೊಂದು ಗಂಟೆ. 1612ರ ಕೋಟೆ, ಹಳೆಯ ಜೈಲು, ಆಚೆ ದಡದ ರಾಜಭವನ ಎಲ್ಲವನ್ನೂ ಬೆರಳು ಮಾಡಿ ತೋರಿಸಿದರು. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಇಲ್ಲಿ ಮಾಂಡೋವಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ನದಿ ತಂದ ಕೆಸರು, ಆ ಕೆಸರಿಗೆ ಬರುವ ಮೀನು, ಮೀನಿಗೆ ಬರುವ ಡಾಲ್ಫಿನ್, ಎಲ್ಲವೂ ಇದೇ ಅಳಿವೆಯ ಆಸುಪಾಸಿನಲ್ಲಿ ಇರುತ್ತವೆ. ಹೀಗಾಗಿ ಹುಡುಕಲು ಕಷ್ಟವಿಲ್ಲ. ಹತ್ತು ನಿಮಿಷದಲ್ಲಿ ಮೂರು ಬೂದು ಬೆನ್ನುಗಳು ಕಂಡವು.

ಚಾಲಕ ಕೂಗು ಹಾಕಿದ. ಆ ಕೂಗಿಗೆ ಸುತ್ತಲಿನ ದೋಣಿಗಳು ತಿರುಗಿದವು. ನಾನು ಎಣಿಸಿದೆ, ನಮ್ಮದೂ ಸೇರಿ ಎಂಟು. ಬೆನ್ನು ಮುಳುಗಿದ ಕಡೆಗೆ ಎಲ್ಲವೂ ಪೂರ್ತಿ ಥ್ರಾಟಲ್ ಕೊಟ್ಟು ನುಗ್ಗಿದವು. ಬೆನ್ನು ಬಲಕ್ಕೆ ಎದ್ದರೆ ಬಲಕ್ಕೆ, ಎಡಕ್ಕೆ ಎದ್ದರೆ ಎಡಕ್ಕೆ. ಕೊನೆಗೆ ಎಂಟು ದೋಣಿಗಳು ಒಂದು ಬಳೆಯಂತೆ ನಿಂತವು. ಮಧ್ಯದಲ್ಲಿ ಒಂದು ಸಲ, ಅರ್ಧ ಕ್ಷಣ, ಒಂದು ಮೂತಿ ಮೇಲೆ ಬಂದು ಉಸಿರು ಬಿಟ್ಟು ಮರೆಯಾಯಿತು. ಜನ ಚಪ್ಪಾಳೆ ತಟ್ಟಿದರು. ಅವ್ವ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಅದು ಉಸಿರಾಡಲು ಮೇಲೆ ಬರಲೇಬೇಕೇನಪ್ಪಾ?"

ಬರಲೇಬೇಕು. ಡಾಲ್ಫಿನ್ ಮೀನಲ್ಲ, ನಮ್ಮಂತೆ ಶ್ವಾಸಕೋಶವಿರುವ, ಮರಿಗೆ ಹಾಲೂಡಿಸುವ ಪ್ರಾಣಿ. ನಮಗೆ ನಿದ್ದೆಯಲ್ಲೂ ಉಸಿರು ತಾನಾಗಿ ಆಡುತ್ತದೆ. ಅದಕ್ಕೆ ಹಾಗಲ್ಲ. ಒಂದೊಂದು ಉಸಿರನ್ನೂ ಬೇಕೆಂದೇ ಮೇಲೆ ಬಂದು ತೆಗೆದುಕೊಳ್ಳಬೇಕು. ಇದಕ್ಕಾಗಿಯೇ ಮಲಗಿದಾಗಲೂ ಮಿದುಳಿನ ಅರ್ಧ ಭಾಗ ಮಾತ್ರ ನಿದ್ರಿಸುತ್ತದೆ, ಇನ್ನರ್ಧ ಎಚ್ಚರವಿರುತ್ತದೆ. ಆ ದಿನ ಅದು ಎಲ್ಲಿ ಎದ್ದರೂ ಅಲ್ಲೊಂದು ಪ್ರೊಪೆಲ್ಲರ್ ತಿರುಗುತ್ತಿತ್ತು. ಅವ್ವನಿಗೆ ಉತ್ತರ ಕೊಡಲು ನನ್ನ ಬಾಯಿ ಬರಲಿಲ್ಲ. ಆ ಎಂಟರಲ್ಲಿ ಎರಡು ಎಂಜಿನ್‌ಗಳ ಸದ್ದು ನನಗೆ ಗುರುತು ಸಿಕ್ಕಿತ್ತು. ನಾನೇ ಕೈಯಾಡಿಸಿದವು.

ಸದ್ದಿನ ವಿಷಯವನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ದೋಣಿಯ ಮೇಲೆ ಕುಳಿತವರಿಗೆ ಅದು ಅರ್ಧವೂ ಕೇಳಿಸುವುದಿಲ್ಲ. ಔಟ್‌ಬೋರ್ಡ್ ಎಂಜಿನ್‌ನ ಹೊಗೆ ಬೈಕಿನ ಹಾಗೆ ಗಾಳಿಗೆ ಹೋಗುವುದಿಲ್ಲ. ಬಹುಪಾಲು ಎಂಜಿನ್‌ಗಳಲ್ಲಿ ಅದು ಕೆಳಗಿಳಿದು ಪ್ರೊಪೆಲ್ಲರ್‌ನ ನಡುವಿನಿಂದ ನೀರಿನೊಳಗೇ ಹೊರಬೀಳುತ್ತದೆ. ನಮ್ಮ ಕಿವಿಗೆ ಸದ್ದು ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ. ಸದ್ದು ಇಲ್ಲವಾಗುವುದಿಲ್ಲ, ನೀರಿನ ಪಾಲಾಗುತ್ತದೆ. ಎರಡನೆಯದು ಪ್ರೊಪೆಲ್ಲರ್. ವೇಗವಾಗಿ ತಿರುಗಿದಾಗ ಅದರ ಎಲೆಗಳ ಬೆನ್ನಿನಲ್ಲಿ ಒತ್ತಡ ಕುಸಿದು ಸಣ್ಣ ಗುಳ್ಳೆಗಳು ಹುಟ್ಟುತ್ತವೆ, ಹುಟ್ಟಿದ ಕೂಡಲೇ ಒಡೆಯುತ್ತವೆ. ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ. ಈ ಗುಳ್ಳೆಗಳು ಒಡೆಯುವ ಪೆಟ್ಟಿಗೆ ಅಲ್ಯೂಮಿನಿಯಂ ಎಲೆಯಲ್ಲಿ ಸಿಡುಬಿನ ಕಲೆಯಂಥ ಗುಂಡಿ ಬೀಳುತ್ತವೆ. ನನ್ನ ಅಂಗಡಿಯ ಮೂಲೆಯಲ್ಲಿ ಅಂಥ ಹತ್ತು ಹದಿನೈದು ಪ್ರೊಪೆಲ್ಲರ್ ಬಿದ್ದಿವೆ, ಬಂದರೆ ತೋರಿಸುತ್ತೇನೆ. ಲೋಹವನ್ನು ಕೊರೆಯುವ ಆ ಪೆಟ್ಟುಗಳ ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಹರಡುತ್ತದೆ. ಗಾಳಿಯಲ್ಲಿ ಹರಡುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಅಂಥ ನೀರಿನಲ್ಲಿ ಬದುಕುವ ಡಾಲ್ಫಿನ್ ನೋಡುವುದೇ ಕಿವಿಯಿಂದ. ಅಳಿವೆಯ ಕೆಸರು ನೀರಿನಲ್ಲಿ ಕಣ್ಣು ಹೆಚ್ಚು ದೂರ ಕೆಲಸ ಮಾಡುವುದಿಲ್ಲ. ತಲೆಯ ಮೇಲಿನ ಉಸಿರುರಂಧ್ರದ ಕೆಳಗೆ, ಮೂಗಿನ ದಾರಿಯಲ್ಲಿ, ಅದು ಟಿಕ್ ಟಿಕ್ ಎಂಬ ಸದ್ದು ಹುಟ್ಟಿಸುತ್ತದೆ. ಹಣೆಯಲ್ಲಿರುವ ಕೊಬ್ಬಿನ ಗಡ್ಡೆ ಆ ಸದ್ದನ್ನು ಟಾರ್ಚಿನ ಬೆಳಕಿನ ಹಾಗೆ ಮುಂದಕ್ಕೆ ಒಟ್ಟುಗೂಡಿಸಿ ಬಿಡುತ್ತದೆ. ಮೀನಿಗೋ ಬಂಡೆಗೋ ತಾಗಿ ಮರಳಿದ ಪ್ರತಿಧ್ವನಿ ಕೆಳದವಡೆಯ ಕೊಬ್ಬಿನ ಮೂಲಕ ಒಳಕಿವಿಯ ಕಡೆ ಸಾಗುತ್ತದೆ. ಇದನ್ನು ಮಗಳು ಓದಿ ಹೇಳಿದಾಗ ನಾನು ನನ್ನ ಕೆಲಸವನ್ನೇ ನೆನೆದೆ. ಎಂಜಿನ್‌ನ ಕಾಯಿಲೆ ಹುಡುಕುವಾಗ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ ಕೇಳುತ್ತೇನೆ. ಬೇರಿಂಗ್ ಸವೆದಿದೆಯೇ, ಪಿಸ್ಟನ್ ಬಡಿಯುತ್ತಿದೆಯೇ ಎಂಬುದು ಮೂಳೆಯ ಮೂಲಕ ತಿಳಿಯುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ಗ್ರೈಂಡರ್ ಹಚ್ಚಿದರೆ ನಾನು ಕುರುಡ.

ಸದ್ದು ನಿಂತರೆ ಏನಾಗುತ್ತದೆ ಎಂಬುದಕ್ಕೂ ಒಂದು ಸಾಕ್ಷಿ ಇದೆ. 2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಲೆ ದಾಳಿ ನಡೆದಾಗ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಕೆಲವು ದಿನ ಕುಗ್ಗಿತು. ಅಲ್ಲಿನ ರೈಟ್ ಎಂಬ ಜಾತಿಯ ತಿಮಿಂಗಿಲಗಳ ಮಲವನ್ನು ವಿಜ್ಞಾನಿಗಳು ಆಗ ಸಂಗ್ರಹಿಸುತ್ತಿದ್ದರು. ಆ ಶಾಂತ ದಿನಗಳ ಮಾದರಿಗಳಲ್ಲಿ ಒತ್ತಡದ ಹಾರ್ಮೋನು ಇಳಿದಿತ್ತು. 2012ರಲ್ಲಿ ಇದು ಪ್ರಕಟವಾಯಿತು. ನಮ್ಮ ಮುರ್ಮಗೋವಾ ಬಂದರಿನ ಹಡಗುಗಳನ್ನು ನಾನು ನಿಲ್ಲಿಸಲಾರೆ. ಆದರೆ ನಲವತ್ತು ಎಚ್‌ಪಿ ಎಂಜಿನ್ ಆರಿಸಲು ಒಂದು ಗುಂಡಿ ಒತ್ತಿದರೆ ಸಾಕು.

ಹಾಗಾದರೆ ಚಾಲಕರು ಏಕೆ ಆರಿಸುವುದಿಲ್ಲ? ಅವರೆಲ್ಲ ಕಟುಕರೆಂದು ನಾನು ಹೇಳುವುದಿಲ್ಲ, ಅವರಲ್ಲಿ ಎಷ್ಟೋ ಜನ ನನ್ನ ಗಿರಾಕಿಗಳು. ಹಳೆಯ ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆಂಬ ನಂಬಿಕೆ ಅವರಿಗಿಲ್ಲ. ಇಪ್ಪತ್ತು ಜನರನ್ನು ಕೂರಿಸಿಕೊಂಡು ಕಡಲಿನಲ್ಲಿ ಹಗ್ಗ ಎಳೆಯುತ್ತಾ ನಿಲ್ಲುವುದು ಯಾರಿಗೂ ಬೇಡ. ಇನ್ನೊಂದು ಕಾರಣ ಆ ಫಲಕ. ಕಾಣದಿದ್ದರೆ ಹಣ ವಾಪಸ್ ಎಂದ ಮೇಲೆ ಎಂಟು ಸಾವಿರ ರೂಪಾಯಿ ಕೈಬಿಡದಿರಲು ಚಾಲಕ ಬೆನ್ನಟ್ಟಲೇಬೇಕು. ಆ ಷರತ್ತನ್ನು ಬಯಸಿದವರು ನಾವು, ಪ್ರಯಾಣಿಕರು. ದಂಡೆಯಲ್ಲಿ ದೋಣಿ ಗೊತ್ತುಮಾಡುವಾಗ ಆ ಫಲಕವಿರುವ ಕಡೆಗೆ ಹೋಗಬೇಡಿ ಎಂಬುದೇ ಈ ವಿಮರ್ಶೆಯ ಮುಖ್ಯ ಮಾತು.

ಇನ್ನು ಪ್ರಾಣಿಯ ವಿಷಯ. ನಮ್ಮ ಕರಾವಳಿಯ ಸವಾರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹಿಂದೂ ಮಹಾಸಾಗರದ ಹಂಪ್‌ಬ್ಯಾಕ್ ಡಾಲ್ಫಿನ್, ಗೂನುಬೆನ್ನಿನ ಡಾಲ್ಫಿನ್ ಎನ್ನೋಣ. 2014ರಲ್ಲಿ ವಿಜ್ಞಾನಿಗಳು ಇದನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದರು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನಲ್ಲಿರುವ ಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿ, ಡಾಲ್ಫಿನ್‌ಗೂ ಜಾಗವಿದೆ. ಆಳ ಸಮುದ್ರಕ್ಕೆ ಹೋಗುವ ಜಾತಿಯಲ್ಲ, ದಡದ ಹತ್ತಿರದ ಆಳವಿಲ್ಲದ ನೀರೇ ಇದರ ಮನೆ. ಅಂದರೆ ನಮ್ಮ ಬಲೆ, ನಮ್ಮ ಬಂದರು, ನಮ್ಮ ಸವಾರಿ ದೋಣಿ ಎಲ್ಲವೂ ಅದರ ಅಂಗಳದಲ್ಲೇ. ನಾಚಿಕೆಯ ಸ್ವಭಾವ, ದೋಣಿಯ ಮುಂದೆ ಆಟವಾಡುವುದು ಅಪರೂಪ. ಸುಮಾರು ಮೂರು ವರ್ಷಕ್ಕೊಮ್ಮೆ ಒಂದೇ ಮರಿ. 2013ರಲ್ಲಿ ಕೇಂದ್ರ ಸರ್ಕಾರ ಡಾಲ್ಫಿನ್ ಪ್ರದರ್ಶನದ ಕೊಳಗಳಿಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಅಂಥ ಒಳ್ಳೆಯ ನಿರ್ಧಾರ ಮಾಡಿದ ದೇಶದಲ್ಲಿ ಎಂಟು ದೋಣಿಗಳು ಸೇರಿ ಸಮುದ್ರದ ಮಧ್ಯೆಯೇ ಕೊಳ ಕಟ್ಟುವುದನ್ನು ನೋಡಿ ನನಗೆ ಸಂಕಟವಾಯಿತು.

ಅವ್ವ ಊರಿಗೆ ಹೊರಡುವ ಮುನ್ನ ಇನ್ನೊಮ್ಮೆ ಸರಿಯಾಗಿ ತೋರಿಸಬೇಕೆನಿಸಿತು. ಫೆಬ್ರುವರಿಯ ಒಂದು ಬುಧವಾರ ಅಂಗಡಿ ಮುಚ್ಚಿ, ನಸುಕಿನಲ್ಲೇ ಮಡಗಾಂವ್ ದಾಟಿ ಕಾಣಕೋಣದ ಪಾಲೊಳೆಂಗೆ ಹೋದೆವು. ಅಲ್ಲಿ ಒಂದು ಪಕ್ಕಕ್ಕೆ ತೇಲುಮರ ಕಟ್ಟಿದ ಹಳೆಯ ಮಾದರಿಯ ಮರದ ದೋಣಿಗಳಿವೆ. ಫಲಕವಿಲ್ಲದ ಒಬ್ಬ ತಾಂಡೇಲರನ್ನು ಮಾತನಾಡಿಸಿದೆ. ಐವತ್ತರ ಆಸುಪಾಸಿನವರು, ಹೆಂಡತಿಯ ತವರು ಕಾರವಾರದ ಮಾಜಾಳಿ, ಹೀಗಾಗಿ ಕನ್ನಡ ಬರುತ್ತದೆ. ನಾಲ್ವರಿಗೂ ಸೇರಿ ಎರಡು ಸಾವಿರ ಎಂದರು. ಡಾಲ್ಫಿನ್ ಕಾಣದಿದ್ದರೆ ಎಂದು ಕೇಳಿದೆ.

"ಕಂಡರೂ ಅಷ್ಟೇ, ಕಾಣದಿದ್ದರೂ ಅಷ್ಟೇ ಮೇಸ್ತ್ರಿ. ಅವು ನಾನು ಕಟ್ಟಿ ಹಾಕಿದ ದನಗಳಲ್ಲ. ಬೆಳಿಗ್ಗೆ ಗಾಳಿ ಇಲ್ಲದಾಗ ಹೋಗೋಣ, ಕುಳಿತು ಕಾಯೋಣ. ಬಂದರೆ ಬರುತ್ತವೆ."

ಏಳೂವರೆಗೆ ಹೊರಟೆವು. ಕೆಂಪು ಬಳ್ಳಿ ಅವರ ಮಣಿಕಟ್ಟಿನಲ್ಲಿತ್ತು, ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕು ಜಾಕೆಟ್‌ಗಳೂ ಸರಿ ಇದ್ದವು. ಮುಂದೆ ಒಂದು ಬಂಡೆಯನ್ನು ದಾಟಿದ ಮೇಲೆ ಅವರು ವೇಗ ಇಳಿಸಿದರು. ದೂರದಲ್ಲಿ ಎರಡು ಬೆನ್ನುಗಳು ಕಾಣುತ್ತಿದ್ದವು, ನೂರು ಮೀಟರಿಗೂ ಹೆಚ್ಚು ದೂರವಿರಬೇಕು. ಅವರು ಅತ್ತ ತಿರುಗಲಿಲ್ಲ. ಅವು ಹೋಗುತ್ತಿದ್ದ ದಿಕ್ಕಿಗೆ ಪಕ್ಕದಲ್ಲಿ, ಸಾಕಷ್ಟು ಮುಂದೆ, ದೋಣಿ ತಂದು ಎಂಜಿನ್ ಆರಿಸಿದರು.

ನನ್ನ ಕಿವಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಎಂಜಿನ್ ಇಲ್ಲದ ಸಮುದ್ರ ಇರಲಿಲ್ಲ. ಮೊದಲು ಮರದ ಹಲಗೆಗೆ ನೀರು ತಟ್ಟುವ ಸದ್ದು ಕೇಳಿಸಿತು. ಆಮೇಲೆ ದಡದ ಕಾಗೆ. ಐದು ನಿಮಿಷ ಏನೂ ಇಲ್ಲ. ಮಗಳು ಬಾಯಿ ತೆರೆಯಲು ಹೋದಾಗ ಅವ್ವ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಆಗ ಬೆನ್ನ ಹಿಂದಿನಿಂದ ಫುಸ್ಸೆಂದು ಒಂದು ಉಸಿರು. ತಿರುಗುವಷ್ಟರಲ್ಲಿ ಇನ್ನೊಂದು, ತುಸು ಸಣ್ಣದು.

"ಕೆರೆಯಲ್ಲಿ ಎಮ್ಮೆ ಉಸಿರು ಬಿಟ್ಟ ಹಾಗೆಯೇ ಇದೆ" ಎಂದಳು ಅವ್ವ, ಪಿಸುಮಾತಿನಲ್ಲಿ.

ಅವು ಏಳುವ ಕ್ರಮವೇ ಬೇರೆ. ಮೊದಲು ಉದ್ದನೆಯ ಮೂತಿ ಓರೆಯಾಗಿ ನೀರು ಸೀಳಿ ಮೇಲೆ ಬರುತ್ತದೆ, ಹಿಂದೆಯೇ ತಲೆ, ಕೊನೆಗೆ ಬೆನ್ನಿನ ಗೂನು ಮತ್ತು ಅದರ ತುದಿಯಲ್ಲಿ ಪುಟ್ಟ ಈಜುರೆಕ್ಕೆ. ಆಳಕ್ಕೆ ಹೋಗುವಾಗ ಕೆಲವೊಮ್ಮೆ ಬಾಲ ಎತ್ತುತ್ತವೆ. ಗೂನು ಕಂಡ ಕೂಡಲೇ ಅವ್ವ ಮುಖ ಅರಳಿಸಿ, "ಇದಕ್ಕೂ ಹಿಣಿಲು ಇದೆಯಲ್ಲೋ, ನಮ್ಮ ಕಿಲಾರಿ ಎತ್ತಿನ ಹಾಗೆ!" ಎಂದಳು. ಆ ಕ್ಷಣದಿಂದ ನಮ್ಮ ಮನೆಯಲ್ಲಿ ಅದರ ಹೆಸರು ಹಿಣಿಲು ಡಾಲ್ಫಿನ್. ಪುಸ್ತಕದವರು ಇಟ್ಟುಕೊಂಡರೂ ನನ್ನ ಅಭ್ಯಂತರವಿಲ್ಲ.

ದೊಡ್ಡದರ ಪಕ್ಕದಲ್ಲಿದ್ದುದು ಮರಿ. ಬಣ್ಣ ತಿಳಿ, ತಾಯಿಯ ಪಕ್ಕೆಗೆ ಅಂಟಿಕೊಂಡಂತೆ ಈಜುತ್ತಿತ್ತು. ತಾಯಿ ಎದ್ದಾಗಲೆಲ್ಲ ಅದೂ ಏಳುತ್ತಿತ್ತು, ಒಮ್ಮೊಮ್ಮೆ ಅವಸರಪಟ್ಟು ಇಡೀ ತಲೆಯನ್ನೇ ಹೊರಗೆ ಹಾಕುತ್ತಿತ್ತು. ನೀರಿನಲ್ಲಿ ಹುಟ್ಟಿದ ಮರಿ ಮೊದಲ ಉಸಿರು ಹೇಗೆ ತೆಗೆಯುತ್ತದೆ ಎಂದು ಅವ್ವ ಕೇಳಿದಳು. ಹತ್ತಾರು ಹಸು ಎಮ್ಮೆಗಳ ಹೆರಿಗೆ ಮಾಡಿಸಿದ ಕೈ ಅವಳದು. ಕರು ಮುಂಗಾಲು, ಮೂತಿ ಮೊದಲಾಗಿ ಬಂದರೆ ಇವುಗಳ ಮರಿ ಸಾಮಾನ್ಯವಾಗಿ ಬಾಲ ಮೊದಲಾಗಿ ಬರುತ್ತದೆ, ಹುಟ್ಟಿದ ಮೇಲೆ ನೀರಿನ ಮೇಲ್ಮೈಗೆ ಬಂದು ಉಸಿರೆಳೆಯುತ್ತದೆ ಎಂದು ಮಗಳು ವಿವರಿಸಿದಳು. ಬಾಟಲ್‌ನೋಸ್ ಎಂಬ ಇನ್ನೊಂದು ಜಾತಿಯಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಸಿಳ್ಳೆ ಇರುತ್ತದಂತೆ, ಹೆಸರಿನ ಹಾಗೆ. ಆ ಸಿಳ್ಳೆಯನ್ನು ಕೇಳಿಸಿದರೆ ಆ ಡಾಲ್ಫಿನ್ ಉತ್ತರ ಕೊಡುತ್ತದೆಂದು 2013ರ ಅಧ್ಯಯನ ತೋರಿಸಿತು. ಎಂಟು ಎಂಜಿನ್‌ಗಳ ಮಧ್ಯೆ ತಾಯಿ ಕೂಗಿದರೆ ಮರಿಗೆ ಕೇಳಿಸುತ್ತದೆಯೇ ಎಂದು ಮಗಳು ನನ್ನನ್ನು ಕೇಳಿದಳು. ಎಂಜಿನ್‌ನ ವಿಷಯವಾದ್ದರಿಂದ ನನ್ನನ್ನೇ ಕೇಳಿದಳು.

ಮೂರನೆಯದು ಸ್ವಲ್ಪ ದೂರದಲ್ಲಿ ಒಂಟಿಯಾಗಿ ಎದ್ದಿತು. ಅದರ ಬೆನ್ನಿನ ಮೇಲೆ, ಗೂನಿನ ಹಿಂದೆ, ಮೂರು ಹಳೆಯ ಗೀರುಗಳು. ಒಂದಕ್ಕೊಂದು ಸಮಾನಾಂತರ, ಒಂದೇ ಅಂತರ. ತಾಂಡೇಲರು ಬಲೆಯ ಹಗ್ಗದ ಗಾಯವಿರಬಹುದು ಎಂದರು. ಇರಬಹುದು. ಆದರೆ ಮೂರು ಎಲೆಯ ಪ್ರೊಪೆಲ್ಲರ್ ಮೆತ್ತನೆಯ ವಸ್ತುವಿನ ಮೇಲೆ ಹಾಯ್ದರೆ ಬೀಳುವ ಗುರುತು ಹೇಗಿರುತ್ತದೆಂದು ನಾನು ದೋಣಿಯ ಪಕ್ಕಕ್ಕೆ ಪೆಟ್ಟು ತಡೆಯಲು ಕಟ್ಟುವ ರಬ್ಬರ್ ಫೆಂಡರ್‌ಗಳ ಮೇಲೆ ನೋಡಿದ್ದೇನೆ. ಆ ಗೀರುಗಳನ್ನು ನೋಡಿದ ಮೇಲೆ ಸ್ವಲ್ಪ ಹೊತ್ತು ನಾನು ಯಾರ ಜೊತೆಯೂ ಮಾತನಾಡಲಿಲ್ಲ.

ಇಪ್ಪತ್ತೈದು ನಿಮಿಷ ಹಾಗೆಯೇ ತೇಲಿದೆವು. ಮೊಬೈಲಿನಲ್ಲಿ ಒಳ್ಳೆಯ ಫೋಟೊ ಒಂದೂ ಸಿಗಲಿಲ್ಲ, ಬೂದು ನೀರಿನಲ್ಲಿ ಬೂದು ಚುಕ್ಕೆ ಅಷ್ಟೇ. ಫೋಟೊ ಬೇಕೆಂದು ಹೋಗುವವರಿಗೆ ಇದು ನಿರಾಸೆ ತರಬಹುದು. ತಿಮಿಂಗಿಲ ಕಾಣುತ್ತದೆಯೇ ಎಂದು ಮಗಳು ತಾಂಡೇಲರನ್ನು ಕೇಳಿದಳು. ದಡದ ಸವಾರಿಯಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ, ಅವು ಹೊರಗಿನ ನೀರಿನವು ಎಂದರು. ಆದರೂ ಅರಬ್ಬೀ ಸಮುದ್ರ ತಿಮಿಂಗಿಲಗಳಿಲ್ಲದ ಸಮುದ್ರವಲ್ಲ. ಬೇರೆ ಸಾಗರಗಳ ಹಂಪ್‌ಬ್ಯಾಕ್ ತಿಮಿಂಗಿಲಗಳು ಧ್ರುವದ ಕಡೆಗೂ ಬೆಚ್ಚನೆಯ ನೀರಿಗೂ ಪ್ರತಿವರ್ಷ ವಲಸೆ ಹೋಗಿ ಬರುತ್ತವೆ. ಇಲ್ಲಿಯವು ಹಾಗಲ್ಲ, ವರ್ಷವಿಡೀ ಇದೇ ಕಡಲಿನಲ್ಲಿ ಬದುಕುತ್ತವೆ. ಒಮಾನ್ ಕರಾವಳಿಯಲ್ಲಿ 2017ರಲ್ಲಿ ಉಪಗ್ರಹ ಟ್ಯಾಗ್ ಹಾಕಿದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಅರಬ್ಬೀ ಸಮುದ್ರ ದಾಟಿ ಭಾರತದ ದಕ್ಷಿಣ ತುದಿಯವರೆಗೆ ಬಂದು ಒಮಾನಿಗೇ ಮರಳಿತು. ಮಗಳು ಇದನ್ನು ಹೇಳಿದಾಗ ತಾಂಡೇಲರು ಎದ್ದು ನಿಂತು ಪಶ್ಚಿಮದ ಕಡೆ ಬಹಳ ಹೊತ್ತು ನೋಡಿದರು.

ಅರ್ಧ ಅಂಕ ಏಕೆ ಕಡಿತ ಎಂದರೆ, ದೋಣಿ ಹತ್ತಲು ಮೊಣಕಾಲಿನವರೆಗೆ ನೀರಿಗೆ ಇಳಿಯಬೇಕು, ಏಣಿಯಿಲ್ಲ. ಅವ್ವನನ್ನು ನಾನೂ ತಾಂಡೇಲರೂ ಎತ್ತಿ ಕೂರಿಸಿದೆವು. ನೆರಳಿಲ್ಲ, ಕುಳಿತುಕೊಳ್ಳಲು ಬರಿಯ ಹಲಗೆ. ವಯಸ್ಸಾದವರಿದ್ದರೆ ಒಂದು ದಿಂಬು, ಟೋಪಿ, ಬದಲಿ ಬಟ್ಟೆ ಒಯ್ಯಿರಿ. ಒಂಬತ್ತರ ಒಳಗೆ ಮರಳಿ ಬರುವ ಹಾಗೆ ಹೊರಡಿ, ಹೊತ್ತೇರಿದರೆ ಗಾಳಿ ಎದ್ದು ಅಲೆಗಳಲ್ಲಿ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಸವಾರಿಗಳಿರುವುದಿಲ್ಲ. ಮಾತು ಕುದುರಿಸುವಾಗ ಬೆಲೆಗಿಂತ ಮೊದಲು ಒಂದೇ ಪ್ರಶ್ನೆ ಕೇಳಿ: ಡಾಲ್ಫಿನ್ ಕಂಡ ಮೇಲೆ ಎಂಜಿನ್ ಆರಿಸುತ್ತೀರಾ? ತಡವರಿಸಿದರೆ ಮುಂದಿನ ದೋಣಿಗೆ ಹೋಗಿ.

ದಡಕ್ಕೆ ಬಂದ ಮೇಲೆ ಅವ್ವ ತಾಂಡೇಲರ ಕೈಗೆ ತನ್ನ ಚೀಲದಿಂದ ಒಂದು ಶೇಂಗಾ ಹೋಳಿಗೆಯ ಪೊಟ್ಟಣ ಕೊಟ್ಟು, "ಮರಿಯನ್ನು ನೋಡಿಕೊಳ್ಳಪ್ಪಾ" ಎಂದಳು. ನಾನು ಅಭ್ಯಾಸಬಲದಿಂದ ಎಂಜಿನ್ ಎತ್ತಿ ಪ್ರೊಪೆಲ್ಲರ್ ನೋಡಿದೆ. ಒಂದು ಎಲೆಯ ಅಂಚು ಬಂಡೆಗೆ ತಾಗಿ ಮಡಚಿತ್ತು, ಉಳಿದೆರಡರಲ್ಲಿ ಗುಂಡಿ ಬಿದ್ದಿದ್ದವು. ಅಂಥ ಪ್ರೊಪೆಲ್ಲರ್ ನಿಧಾನ ವೇಗದಲ್ಲೂ ನೀರಿನೊಳಗೆ ಹೆಚ್ಚು ಸದ್ದು ಮಾಡುತ್ತದೆ ಎಂದು ಅವರಿಗೆ ವಿವರಿಸಿದೆ. ಅವರು ಅಲ್ಲೇ ಪಿನ್ ಕಳಚಿ ಅದನ್ನು ನನ್ನ ಕೈಗೆ ಕೊಟ್ಟು, ಹಳೆಯದೊಂದನ್ನು ತಂದು ಸಿಕ್ಕಿಸಿದರು. ಅಂಗಡಿಯಲ್ಲಿ ಎಲೆ ನೇರ ಮಾಡಿ, ಗುಂಡಿಗಳಿಗೆ ವೆಲ್ಡಿಂಗ್ ತುಂಬಿಸಿ, ಮೂರೂ ಎಲೆಗಳ ತೂಕ ಸಮವಾಗುವವರೆಗೆ ಉಜ್ಜಿದೆ. ಕೂಲಿ ತೆಗೆದುಕೊಳ್ಳಲಿಲ್ಲ, ಓದುವವರಿಗೆ ಇದೂ ತಿಳಿದಿರಲಿ. ಮುಂದಿನ ಸೋಮವಾರ ಗೋಣಿಚೀಲದಲ್ಲಿ ಸುತ್ತಿ ಕಾಣಕೋಣದ ಬಸ್ಸಿನಲ್ಲಿ ಕಳುಹಿಸಿದೆ. ಸಂಜೆ ಅವರ ಫೋನ್ ಬಂತು, ಹಾಕಿ ನೋಡಿದೆ, ಹಿಡಿಕೆಯಲ್ಲಿ ನಡುಕವೇ ಇಲ್ಲ ಎಂದರು. ಮರಿ ಕಂಡಿತೇ ಎಂದು ಅವ್ವ ಪಕ್ಕದಿಂದ ಕೇಳುತ್ತಿದ್ದಳು.